ಹಿರಿಯರ ದೊಡ್ಡ ಕಾಯಿಲೆಗೆ ಆರೋಗ್ಯ ವಿಮೆ: ಆಸ್ಪತ್ರೆಯ ಅಂದಾಜು ಪಟ್ಟಿಯನ್ನು ಮುಂದಿಟ್ಟುಕೊಂಡು ಹೋಲಿಸುವ ಕ್ರಮ

ಮನೆಯ ಹಿರಿಯರಿಗೆ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯ ಅಥವಾ ಪಾರ್ಶ್ವವಾಯುವಿನಂಥ ಕಾಯಿಲೆ ಕಾಣಿಸಿಕೊಂಡಾಗ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕುಟುಂಬಗಳಲ್ಲಿ ಕೇಳಿಬರುವ ಮೊದಲ ಮಾತು ‘ಯಾವ ಇನ್ಶೂರೆನ್ಸ್ ಒಳ್ಳೇದು’ ಎಂಬುದು. ಹೀಗೆ ಕೇಳಿದಾಗ ಏಜೆಂಟರು ತಾವು ಮಾರುವ ಪಾಲಿಸಿಯ ಹೆಸರು ಹೇಳುತ್ತಾರೆ, ನೆಂಟರು ತಮಗೆ ದುಡ್ಡು ಬಂದ ಪಾಲಿಸಿಯ ಹೆಸರು ಹೇಳುತ್ತಾರೆ. ಇವೆರಡರಿಂದಲೂ ನಿಮ್ಮ ಮನೆಯ ಲೆಕ್ಕ ತಿಳಿಯುವುದಿಲ್ಲ. ಈ ಕಾಯಿಲೆಗೆ, ನಾವು ಹೋಗಲಿರುವ ಈ ಆಸ್ಪತ್ರೆಯಲ್ಲಿ, ಇಷ್ಟು ಬಿಲ್ಲಾದರೆ ನಮ್ಮ ಕೈಯಿಂದ ಹೋಗುವುದೆಷ್ಟು ಎಂದು ಪ್ರತಿಯೊಂದು ಯೋಜನೆಗೂ ಕೇಳಿ ನೋಡಿದಾಗ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ.

ಆದ್ದರಿಂದ ಮೊದಲು ಆಸ್ಪತ್ರೆಯಿಂದ ಅಂದಾಜು ವೆಚ್ಚದ ಪಟ್ಟಿಯನ್ನು ಬರೆಸಿಕೊಳ್ಳಬೇಕು. ಒಟ್ಟು ಮೊತ್ತವೊಂದನ್ನೇ ಚೀಟಿಯಲ್ಲಿ ಬರೆದುಕೊಟ್ಟರೆ ಒಪ್ಪಬೇಡಿ. ಕೊಠಡಿ ಬಾಡಿಗೆ, ಐಸಿಯು, ವೈದ್ಯರ ಶುಲ್ಕ, ಔಷಧಿ, ಸ್ಟೆಂಟ್ ಮುಂತಾದ ಸಾಧನಗಳು, ತಪಾಸಣೆಗಳು ಬೇರೆ ಬೇರೆ ಸಾಲಿನಲ್ಲಿ ಇರಬೇಕು. ಜೊತೆಗೆ, ಇದು ಒಂದೇ ಸಲ ಮುಗಿಯುವ ಖರ್ಚೋ, ಮತ್ತೆ ಮತ್ತೆ ಬರುವ ಖರ್ಚೋ ಎಂಬುದನ್ನೂ ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಆಂಜಿಯೋಪ್ಲಾಸ್ಟಿ ಒಂದೇ ದಾಖಲಾತಿಯಲ್ಲಿ ಮುಗಿಯಬಹುದು. ಡಯಾಲಿಸಿಸ್ ವಾರಕ್ಕೆ ಎರಡು ಮೂರು ಸಲ ನಡೆಯುತ್ತದೆ. ಕಿಮೋಥೆರಪಿ ತಿಂಗಳುಗಟ್ಟಲೆ ಸುತ್ತು ಸುತ್ತಾಗಿ ಬರುತ್ತದೆ. ಈ ವ್ಯತ್ಯಾಸವೇ ಮುಂದೆ ಯಾವ ಯೋಜನೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಎರಡನೆಯದಾಗಿ, ಕಾಯಿಲೆ ಈಗಾಗಲೇ ಪತ್ತೆಯಾಗಿದೆಯೋ ಅಥವಾ ಮುಂದೆ ಬರಬಹುದೆಂಬ ಅಂಜಿಕೆಯಿಂದ ವಿಮೆ ಹುಡುಕುತ್ತಿದ್ದೀರೋ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಿ. ಪತ್ತೆಯಾಗಿದ್ದರೆ, ಕಾಯಿಲೆ ಇದೆಯೇ ಎಂದು ಕೇಳದ ಯೋಜನೆಗಳಲ್ಲಿಯೇ ಮೊದಲು ಹುಡುಕಬೇಕು. ಇದನ್ನು ಬಿಟ್ಟು ಗಾಬರಿಯಲ್ಲಿ ಖಾಸಗಿ ಪಾಲಿಸಿಗೆ ದುಡ್ಡು ಕಟ್ಟಿದ ಕುಟುಂಬಗಳು, ಬೇಕಾದ ಹೊತ್ತಿಗೆ ಕ್ಲೇಮು ತಿರಸ್ಕಾರದ ಪತ್ರ ಹಿಡಿದು ನಿಲ್ಲುತ್ತವೆ.

ಕಾಯಿಲೆಯನ್ನು ಕೇಳದ ಯೋಜನೆಗಳು

ಇವುಗಳಲ್ಲಿ ಮೊದಲನೆಯದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. 2018ರಲ್ಲಿ ಕೇಂದ್ರದ ಮತ್ತು ರಾಜ್ಯದ ಯೋಜನೆಗಳು ಒಂದಾಗಿ ರೂಪುಗೊಂಡ ಇದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕಾರ್ಡುದಾರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ; ಎಪಿಎಲ್ ಕುಟುಂಬಕ್ಕೆ ಸರ್ಕಾರವು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಮೊದಲೇ ಗೊತ್ತುಮಾಡಿದ ದರದ) ಶೇ 30ರಷ್ಟನ್ನು ಮಾತ್ರ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಭರಿಸುತ್ತದೆ. ಕಾಯುವ ಅವಧಿ, ಅಂದರೆ ಸೇರಿದ ಮೇಲೂ ಇಷ್ಟು ತಿಂಗಳು ಹಣ ಸಿಗದು ಎಂಬ ಷರತ್ತು, ಇಲ್ಲ. ಹಳೆಯ ಕಾಯಿಲೆ ಎಂಬ ತಕರಾರೂ ಇಲ್ಲ. ಎಪಿಎಲ್ ಕುಟುಂಬದವರು ‘ನಮಗೇನೂ ಸಿಗೋದಿಲ್ಲ’ ಎಂದು ಈ ಬಾಗಿಲನ್ನು ತಟ್ಟುವುದೇ ಇಲ್ಲ. ಪ್ಯಾಕೇಜ್ ದರವು ಖಾಸಗಿ ದರಕ್ಕಿಂತ ಸಾಕಷ್ಟು ಕಡಿಮೆ ಇರುವುದರಿಂದ, ಉಳಿದ ಶೇ 70ರಷ್ಟನ್ನು ಕೈಯಿಂದ ಕಟ್ಟಿದರೂ ಅನೇಕ ಸಲ ಲಾಭವೇ ಆಗುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿ ನೋಡಬೇಕು.

ಈ ಯೋಜನೆಯ ನಡೆ ತಿಳಿದಿರದೆ ತೊಂದರೆಗೆ ಸಿಕ್ಕವರೇ ಹೆಚ್ಚು. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆಗೆ ಸೌಲಭ್ಯ ಇಲ್ಲದಿದ್ದರೆ ವೈದ್ಯರು ರೆಫರಲ್ ಪತ್ರ ಕೊಡುತ್ತಾರೆ. ಅದನ್ನು ತೆಗೆದುಕೊಂಡು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಕಿಲ್ಲ. ನಮ್ಮ ಭಾಗದಲ್ಲಿ ಆ ಮೊದಲ ಬಾಗಿಲು ಎಂದರೆ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಹೃದಯಕ್ಕೆ ಕಲಬುರಗಿಯ ಜಯದೇವ, ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಇವೆ. ಖಾಸಗಿ ಆಸ್ಪತ್ರೆಗೆ ಮೊದಲೇ ದಾಖಲಾಗಿ, ದುಡ್ಡು ಕಟ್ಟಲು ಆರಂಭಿಸಿದ ಮೇಲೆ ಕಾರ್ಡು ತೋರಿಸಿದರೆ ಕೆಲಸ ಆಗುವುದು ಕಷ್ಟ.

ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿಯ ಮೇಜು ಇರುತ್ತದೆ. ರೋಗಿಯನ್ನು ಕರೆದೊಯ್ಯುವ ಮುನ್ನ ಮನೆಯವರಲ್ಲಿ ಒಬ್ಬರು ಪಡಿತರ ಚೀಟಿ ಮತ್ತು ಆಧಾರ್ ತೆಗೆದುಕೊಂಡು ಅಲ್ಲಿಗೆ ಹೋಗಿ ಬರಬೇಕು. ಚೀಟಿಯಲ್ಲಿ ‘ಹನುಮವ್ವ’ ಎಂದೂ ಆಧಾರಿನಲ್ಲಿ ‘ಹನುಮಂತಮ್ಮ’ ಎಂದೂ ಇರುವುದು, ತಾಯಿಯ ಹೆಸರು ಊರಲ್ಲಿರುವ ಹಿರಿಯ ಮಗನ ಚೀಟಿಯಲ್ಲಿದ್ದು ಆರೈಕೆ ಮಾತ್ರ ಬಳ್ಳಾರಿಯ ಕಿರಿಯ ಮಗನ ಮನೆಯಲ್ಲಿ ನಡೆಯುತ್ತಿರುವುದು, ಹತ್ತಿ ಬಿಡಿಸಿ, ಭತ್ತದ ಸಸಿ ನಾಟಿ ಸವೆದುಹೋದ ಬೆರಳುಗಳ ಗುರುತನ್ನು ಯಂತ್ರ ಒಪ್ಪದಿರುವುದು – ಇವು ಆ ಮೇಜಿನ ಮುಂದೆ ದಿನನಿತ್ಯ ಎದುರಾಗುವ ಸಂಗತಿಗಳು. ಇವೆಲ್ಲಕ್ಕೂ ಪರಿಹಾರವಿದೆ, ಆದರೆ ರೋಗಿ ಸ್ಟ್ರೆಚರ್ ಮೇಲಿರುವಾಗ ಹುಡುಕುವ ಪರಿಹಾರವಲ್ಲ. ನಿಮ್ಮ ಕಾಯಿಲೆಯ ಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ಅದರ ದರವೆಷ್ಟು, ಯಾವ ಯಾವ ಆಸ್ಪತ್ರೆಯಲ್ಲಿ ಆ ವಿಭಾಗ ನೋಂದಣಿಯಾಗಿದೆ ಎಂಬ ಮೂರನ್ನೂ ಅವರಿಂದಲೇ ಬರೆಸಿಕೊಳ್ಳಿ. ಆಸ್ಪತ್ರೆ ನೋಂದಣಿಯಾಗಿದ್ದರೂ ನಿಮಗೆ ಬೇಕಾದ ವಿಭಾಗ ನೋಂದಣಿಯಾಗಿರದಿರಬಹುದು.

ರಾಯಚೂರಿನವರಿಗೆ ಇನ್ನೊಂದು ಎಚ್ಚರಿಕೆ. ಇಲ್ಲಿಂದ ಹೈದರಾಬಾದು ಬೆಂಗಳೂರಿಗಿಂತ ಹತ್ತಿರ, ಹಾಗಾಗಿ ದೊಡ್ಡ ಕಾಯಿಲೆ ಎಂದ ಕೂಡಲೇ ಅತ್ತ ಹೊರಡುವ ರೂಢಿ ಇದೆ. ಹೊರರಾಜ್ಯದ ಆಸ್ಪತ್ರೆಯಲ್ಲಿ ಕಾರ್ಡು ನಡೆಯುವುದು ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿ ಹೆಸರಿರುವ ಕುಟುಂಬಗಳಿಗೆ. ರಾಜ್ಯದ ಬಿಪಿಎಲ್ ಚೀಟಿಯ ಆಧಾರದಿಂದ ಮಾತ್ರ ಸೌಲಭ್ಯ ಪಡೆಯುವವರಿಗೆ ಅಲ್ಲಿ ಸಿಗುತ್ತದೆ ಎಂದು ನಂಬಿ ಹೋಗಬಾರದು. 14555 ಸಹಾಯವಾಣಿಗೆ ಕರೆ ಮಾಡಿ, ಕುಟುಂಬದ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಕೇಳಿಕೊಂಡು ಹೊರಡಿ.

70 ವರ್ಷ ತುಂಬಿದವರಿಗಾಗಿ ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಆರಂಭಿಸಿದೆ. ಇದಕ್ಕೆ ಆದಾಯದ ಮಿತಿ ಇಲ್ಲ. ಒಂದು ಮನೆಯ 70 ತುಂಬಿದವರೆಲ್ಲರಿಗೂ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿ. ಅಂದರೆ ಅಪ್ಪ ಅವ್ವ ಇಬ್ಬರಿಗೂ ಪ್ರತ್ಯೇಕವಾಗಿ ಐದೈದು ಲಕ್ಷ ಅಲ್ಲ. ಖಾಸಗಿ ವಿಮೆ ಇದ್ದವರೂ ಪಡೆಯಬಹುದು. ಮಾಜಿ ಸೈನಿಕರ ಇಸಿಎಚ್‌ಎಸ್ ಅಥವಾ ಕೇಂದ್ರ ನೌಕರರ ಸಿಜಿಎಚ್‌ಎಸ್ ಇದ್ದವರು ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಈ ಕಾರ್ಡಿಗಾಗಿ ಅವನ್ನು ಬಿಟ್ಟುಕೊಡುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ, ಏಕೆಂದರೆ ಆ ಯೋಜನೆಗಳಲ್ಲಿ ಹೊರರೋಗಿ ಚಿಕಿತ್ಸೆ ಮತ್ತು ಔಷಧಿಯೂ ಸೇರುತ್ತವೆ. ಕರ್ನಾಟಕದಲ್ಲಿ ಚಿಕಿತ್ಸೆಗೆ ಮಂಜೂರಾತಿ ಕೊಡುವುದು ರಾಜ್ಯದ ಟ್ರಸ್ಟ್ ಆಗಿರುವುದರಿಂದ, ಕಾರ್ಡು ಕೈಗೆ ಬಂದರೂ ‘ಇದರ ಮೇಲೆ ಇಲ್ಲಿ ದಾಖಲಾತಿ ಆಗುತ್ತಿದೆ’ ಎಂಬ ಮಾತನ್ನು ನೀವು ಹೋಗಲಿರುವ ಆಸ್ಪತ್ರೆಯ ಆರೋಗ್ಯ ಮಿತ್ರರಿಂದಲೇ ಕೇಳಿ, ಆಮೇಲೆ ಲೆಕ್ಕಕ್ಕೆ ಹಿಡಿಯಿರಿ.

ಸಹಕಾರ ಸಂಘದ ಸದಸ್ಯರಾದ ರೈತ ಕುಟುಂಬಗಳಿಗೆ ಯಶಸ್ವಿನಿ ಇದೆ. 2003ರಿಂದ ನಡೆದು, 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಆರಂಭವಾದ ಈ ಯೋಜನೆಯಲ್ಲಿ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ; ಚಿಕಿತ್ಸೆಯ ಮಿತಿ ವರ್ಷಕ್ಕೆ 5 ಲಕ್ಷ. ಎಪಿಎಲ್ ಚೀಟಿಯ ಸಣ್ಣ ಹಿಡುವಳಿದಾರರಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. ಆದರೆ ನೋಂದಣಿ ವರ್ಷಕ್ಕೊಮ್ಮೆ ಕೆಲವು ವಾರಗಳು ಮಾತ್ರ ತೆರೆದಿರುತ್ತದೆ, ಸಂಘದ ಸದಸ್ಯತ್ವ ಅದಕ್ಕೂ ಮೊದಲೇ ಇರಬೇಕು, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಹಣ ಸಿಗುತ್ತದೆ. ನಿಮಗೆ ಬೇಕಾದ ಚಿಕಿತ್ಸೆ ಆ ಪಟ್ಟಿಯಲ್ಲಿದೆಯೇ ಎಂದು ನಿಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಯಲ್ಲಿ ಕೇಳಿ.

ತೋರಣಗಲ್ಲು ಕಡೆಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ನು ಮರೆತುಬಿಡುತ್ತಾರೆ. ಕನಿಷ್ಠ 5 ವರ್ಷ ಇಎಸ್‌ಐ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿ, ತಮಗೂ ತಮ್ಮ ಪತಿ ಅಥವಾ ಪತ್ನಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ರೈಲ್ವೆ, ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಮುಂತಾದೆಡೆ ನಿವೃತ್ತರಾದವರು ತಮ್ಮ ಸಂಸ್ಥೆಯ ನಿವೃತ್ತರ ವೈದ್ಯಕೀಯ ನಿಯಮವನ್ನು ಆಡಳಿತ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಈ ಗುಂಪಿನಲ್ಲಿ ಕೊನೆಯದು, ಬಹುಶಃ ಅತ್ಯಂತ ಬೆಲೆಬಾಳುವುದು, ಮಗ ಅಥವಾ ಮಗಳು ಕೆಲಸ ಮಾಡುವ ಕಂಪನಿಯ ಗುಂಪು ವಿಮೆ. ಹಲವು ಕಂಪನಿಗಳು ಹೆಚ್ಚುವರಿ ಕಂತಿನ ಮೇಲೆ ತಂದೆ ತಾಯಿಯನ್ನೂ, ಕೆಲವೆಡೆ ಅತ್ತೆ ಮಾವಂದಿರನ್ನೂ ಸೇರಿಸಲು ಬಿಡುತ್ತವೆ. ಇಂಥ ವಿಮೆಯಲ್ಲಿ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಕೆಲಸಕ್ಕೆ ಸೇರಿದಾಗ ಅಥವಾ ವಾರ್ಷಿಕ ನವೀಕರಣದ ಹೊತ್ತಿನಲ್ಲಿ ಮಾತ್ರ ಹೆಸರು ಸೇರಿಸಲು ಅವಕಾಶ ಇರುವುದರಿಂದ, ಬೆಂಗಳೂರಿನಲ್ಲಿ ಕುಳಿತ ಮಗನಿಗೆ ಈ ದಿನಾಂಕವನ್ನು ಊರಿನಿಂದಲೇ ನೆನಪಿಸಬೇಕಾದೀತು. ಕೆಲಸ ಬಿಟ್ಟರೆ ರಕ್ಷಣೆಯೂ ಹೋಗುತ್ತದೆ. ಆಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆಯೇ ಎಂದು ರಾಜೀನಾಮೆ ಕೊಡುವ ಮೊದಲು ಕೇಳಬೇಕು.

ಖಾಸಗಿ ಪಾಲಿಸಿಯನ್ನು ಓದುವ ಬಗೆ

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳು ಹಿರಿಯರಿಗೆ ಕೆಲವು ಅನುಕೂಲ ಮಾಡಿಕೊಟ್ಟಿವೆ. 65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಕೊಡಲು ಈಗ ನಿಯಮದ ಅಡ್ಡಿ ಇಲ್ಲ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಮೊದಲು ಇದು 48 ತಿಂಗಳಿತ್ತು. ಸತತ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ‘ಆ ಕಾಯಿಲೆಯನ್ನು ಮುಚ್ಚಿಟ್ಟಿದ್ದಿರಿ’ ಎಂದು ಕ್ಲೇಮು ನಿರಾಕರಿಸುವಂತಿಲ್ಲ. ಹಾಗೆಂದು ಪ್ರತಿಯೊಬ್ಬರಿಗೂ ಪಾಲಿಸಿ ಕೊಡಲೇಬೇಕೆಂಬ ಕಟ್ಟಳೆ ಕಂಪನಿಗಳ ಮೇಲಿಲ್ಲ. ಕ್ಯಾನ್ಸರ್ ಅಥವಾ ಮೂತ್ರಪಿಂಡ ವೈಫಲ್ಯ ಪತ್ತೆಯಾದವರಿಗೆ ಅವು ಬಹುಪಾಲು ಇಲ್ಲವೆನ್ನುತ್ತವೆ, ಇಲ್ಲವೇ ಆ ಕಾಯಿಲೆಯನ್ನು ಶಾಶ್ವತವಾಗಿ ಹೊರಗಿಟ್ಟು ಪಾಲಿಸಿ ಕೊಡುತ್ತೇವೆ ಎನ್ನುತ್ತವೆ. ಕಾಯಿಲೆಯನ್ನೇ ಹೊರಗಿಟ್ಟ ಪಾಲಿಸಿ ಉಳಿದ ಆಪತ್ತುಗಳಿಗೆ ಆಗಬಹುದು. ಅದನ್ನು ಕಾಯಿಲೆಗಾಗಿ ಕೊಂಡ ವಿಮೆ ಎಂದು ಭಾವಿಸಬಾರದು.

ಎರಡು ಪಾಲಿಸಿಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ಕಂತನ್ನು ನೋಡುತ್ತಾರೆ. ನಾನು ಹೇಳುವುದು, ಕಂತನ್ನು ಕೊನೆಗೆ ನೋಡಿ. ಮೊದಲು ಕೊಠಡಿ ಬಾಡಿಗೆಯ ಮಿತಿಯನ್ನೂ ಕೋ-ಪೇಯನ್ನೂ ನೋಡಿ. ಕೋ-ಪೇ ಎಂದರೆ ಮಂಜೂರಾದ ಬಿಲ್ಲಿನಲ್ಲಿ ನೀವು ಕಟ್ಟಲೇಬೇಕಾದ ಪಾಲು. ಹಿರಿಯರ ಪಾಲಿಸಿಗಳಲ್ಲಿ ಇದು ಶೇ 20, ಶೇ 30 ಇರುವುದು ಸಾಮಾನ್ಯ. ಕೊಠಡಿ ಬಾಡಿಗೆಯ ಮಿತಿ ಇದಕ್ಕಿಂತಲೂ ಹೆಚ್ಚು ಹೊಡೆತ ಕೊಡುತ್ತದೆ, ಏಕೆಂದರೆ ಮಿತಿಗಿಂತ ದುಬಾರಿ ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮುಂತಾದವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ.

ಒಂದು ಲೆಕ್ಕ ಮಾಡಿ ನೋಡೋಣ. 5 ಲಕ್ಷದ ಪಾಲಿಸಿ, ದಿನಕ್ಕೆ 5,000 ರೂಪಾಯಿ ಕೊಠಡಿ ಮಿತಿ, ಶೇ 20 ಕೋ-ಪೇ ಎಂದಿಟ್ಟುಕೊಳ್ಳಿ. ರೋಗಿ ದಿನಕ್ಕೆ 8,000 ರೂಪಾಯಿಯ ಕೊಠಡಿಯಲ್ಲಿ 6 ದಿನ ಇದ್ದರು. ಕೊಠಡಿಗೆ 48,000, ವೈದ್ಯರು ಮತ್ತು ಶಸ್ತ್ರಚಿಕಿತ್ಸೆಗೆ 2,00,000, ಔಷಧಿ ಮತ್ತು ಸಾಧನಗಳಿಗೆ 52,000, ಒಟ್ಟು 3 ಲಕ್ಷ ರೂಪಾಯಿ. ಕಂಪನಿ ಕೊಠಡಿಗೆ 30,000 ಒಪ್ಪುತ್ತದೆ. ವೈದ್ಯರ ಸಾಲಿನಲ್ಲಿ ಎಂಟರಲ್ಲಿ ಐದು ಪಾಲು, ಅಂದರೆ 1,25,000 ಒಪ್ಪುತ್ತದೆ. ಔಷಧಿ, ಸಾಧನಗಳಿಗೆ ಈ ಕಡಿತ ಅನ್ವಯಿಸದ ಕಾರಣ 52,000 ಪೂರ್ತಿ ಒಪ್ಪುತ್ತದೆ. ಮೊತ್ತ 2,07,000. ಅದರಲ್ಲಿ ಶೇ 20 ಕಳೆದು ಆಸ್ಪತ್ರೆಗೆ ಸಂದಾಯವಾಗುವುದು 1,65,600. ನಿಮ್ಮ ಕೈಯಿಂದ 1,34,400. ಕೊಠಡಿ ಮಿತಿ ಇಲ್ಲದ, ಕೋ-ಪೇ ಅಷ್ಟೇ ಇರುವ ಇನ್ನೊಂದು ಪಾಲಿಸಿಯಲ್ಲಿ ಇದೇ ಬಿಲ್ಲಿಗೆ ನೀವು ಕಟ್ಟುವುದು 60,000. ಎರಡನೆಯದರ ವಾರ್ಷಿಕ ಕಂತು ಹತ್ತು ಸಾವಿರ ಜಾಸ್ತಿ ಇದ್ದರೂ ಯಾವುದು ಅಗ್ಗ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಆಸ್ಪತ್ರೆಯವರು ಕೊಟ್ಟ ನಿಮ್ಮ ಸ್ವಂತ ಪಟ್ಟಿಯನ್ನು ಹೀಗೆಯೇ ಪ್ರತಿ ಪಾಲಿಸಿಗೂ ಹಚ್ಚಿ, ಒಂದು ಹಾಳೆಯ ಮೇಲೆ ಅಕ್ಕಪಕ್ಕ ಬರೆಯಿರಿ.

ನಮ್ಮ ಜಿಲ್ಲೆಗಳವರು ಕಡ್ಡಾಯವಾಗಿ ಕೇಳಬೇಕಾದ ಇನ್ನೊಂದು ಷರತ್ತು ವಲಯಕ್ಕೆ ಸಂಬಂಧಿಸಿದ್ದು. ಕೆಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ, ಸಣ್ಣ ಊರಿನ ವಿಳಾಸಕ್ಕೆ ಕಂತು ಕಡಿಮೆ ಮಾಡುತ್ತವೆ. ಸಿಂಧನೂರು ಅಥವಾ ಗಂಗಾವತಿಯ ವಿಳಾಸ ಕೊಟ್ಟು ಕಡಿಮೆ ಕಂತಿನಲ್ಲಿ ಪಾಲಿಸಿ ಪಡೆದವರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ದಾಖಲಾದರೆ, ಮೇಲಿನ ವಲಯದ ಚಿಕಿತ್ಸೆ ಎಂದು ಹೆಚ್ಚುವರಿ ಕೋ-ಪೇ ಬೀಳುತ್ತದೆ. ದೊಡ್ಡ ಕಾಯಿಲೆಗೆ ದೊಡ್ಡ ಊರಿಗೇ ಹೋಗುವುದು ಖಚಿತವಾಗಿದ್ದರೆ, ಮೇಲಿನ ವಲಯದ ಕಂತನ್ನೇ ಕಟ್ಟುವುದು ಲೇಸು. ನಗದುರಹಿತ ಸೌಲಭ್ಯವಿರುವ ಆಸ್ಪತ್ರೆಗಳ ಪಟ್ಟಿಯನ್ನು ನೋಡುವಾಗಲೂ ಪಟ್ಟಿಯ ಉದ್ದಕ್ಕೆ ಮರುಳಾಗದೆ, ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಎಷ್ಟಿವೆ, ನೀವು ಹೋಗುವ ದೊಡ್ಡ ಊರಿನಲ್ಲಿ ಯಾವುವು ಎಂದಷ್ಟೇ ನೋಡಿ.

ಉಳಿದ ಷರತ್ತುಗಳಲ್ಲಿ ಉಪಮಿತಿಗಳು ಮುಖ್ಯ: ಕಣ್ಣಿನ ಪೊರೆ, ಮಂಡಿ ಬದಲಾವಣೆ, ಇಮ್ಯುನೋಥೆರಪಿ, ಬಾಯಿಯ ಮೂಲಕ ತೆಗೆದುಕೊಳ್ಳುವ ಕಿಮೋ ಔಷಧಿ ಇಂಥವಕ್ಕೆ ಪ್ರತ್ಯೇಕ ಗರಿಷ್ಠ ಮೊತ್ತ ಬರೆದಿರುತ್ತಾರೆ. ಎಲ್ಲ ಕಂಪನಿಗಳೂ ಮಾರುವ ಪ್ರಮಾಣಿತ ಪಾಲಿಸಿಯಾದ ಆರೋಗ್ಯ ಸಂಜೀವನಿಯಲ್ಲಿ ಕೋ-ಪೇ ಶೇ 5 ಮಾತ್ರ, ಆದರೆ ಕೊಠಡಿಗೆ ವಿಮಾ ಮೊತ್ತದ ಶೇ 2, ಹೆಚ್ಚೆಂದರೆ ದಿನಕ್ಕೆ 5,000 ರೂಪಾಯಿ ಎಂಬ ಮಿತಿ ಇದೆ. ಬೇರೆ ಪಾಲಿಸಿಗಳನ್ನು ಇದರ ಪಕ್ಕದಲ್ಲಿಟ್ಟು ಅಳೆಯುವುದು ಸುಲಭ. ಇನ್ನು ಕಂತಿನ ವಿಚಾರ: ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ, ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಪ್ರಾಧಿಕಾರದೊಂದಿಗೆ ಮೊದಲು ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಗಂಭೀರ ಕಾಯಿಲೆ ಪಾಲಿಸಿ ಎಂಬ ಇನ್ನೊಂದು ಬಗೆ ಇದೆ. ಪಟ್ಟಿಯಲ್ಲಿರುವ ಕಾಯಿಲೆ ಪತ್ತೆಯಾಗಿ, ರೋಗಿ ನಿಗದಿತ ದಿನಗಳು ಬದುಕಿದ್ದರೆ ಇಡಿಗಂಟು ಕೊಡುತ್ತದೆ. ಕಾಯಿಲೆ ಬಂದ ಮೇಲೆ ಅದು ಸಿಗುವುದಿಲ್ಲ. ಹಳೆಯ ವಿಮೆಯ ಮೇಲೆ ಹೆಚ್ಚುವರಿ ರಕ್ಷಣೆ ಬೇಕೆನಿಸಿದರೆ ಟಾಪ್-ಅಪ್ ಬದಲು ಸೂಪರ್ ಟಾಪ್-ಅಪ್ ಕೇಳಿ: ಮೊದಲನೆಯದು ಒಂದೇ ದಾಖಲಾತಿಯ ಬಿಲ್ಲು ಮಿತಿ ದಾಟಿದಾಗ ಮಾತ್ರ ಕೊಡುತ್ತದೆ, ಎರಡನೆಯದು ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುತ್ತದೆ. ಕಿಮೋ, ಡಯಾಲಿಸಿಸ್‌ನಂಥ ಸಣ್ಣ ಸಣ್ಣ ಬಿಲ್ಲುಗಳ ಕಾಯಿಲೆಗೆ ಮೊದಲನೆಯದರಿಂದ ಬಿಡಿಗಾಸೂ ಬರದೇ ಇರಬಹುದು.

ಅರ್ಜಿ ತುಂಬುವಾಗ, ಮತ್ತು ಹಳೆಯ ಪಾಲಿಸಿ ಇದ್ದಾಗ

ಅರ್ಜಿಯಲ್ಲಿ ಬಿಪಿ, ಶುಗರ್, ಹಿಂದಿನ ಶಸ್ತ್ರಚಿಕಿತ್ಸೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಎಲ್ಲವನ್ನೂ ಬರೆಯಬೇಕು. ‘ಅದನ್ನೆಲ್ಲ ಬರಿಯೋದು ಬ್ಯಾಡ್ರಿ, ಶುಗರ್ ಯಾರಿಗಿಲ್ಲ ಹೇಳ್ರಿ’ ಎನ್ನುವ ಏಜೆಂಟರು ಕ್ಲೇಮಿನ ದಿನ ನಿಮ್ಮ ಪಕ್ಕದಲ್ಲಿ ಇರುವುದಿಲ್ಲ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ‘ಹತ್ತು ವರ್ಷದಿಂದ ಮಧುಮೇಹ’ ಎಂದು ಕಿರಿಯ ವೈದ್ಯರು ಬರೆದ ಒಂದು ಸಾಲು ಸಾಕು, ಕಂಪನಿ ಕ್ಲೇಮನ್ನು ನಿಲ್ಲಿಸುತ್ತದೆ. ಅರ್ಜಿಯನ್ನು ಏಜೆಂಟರ ಮೊಬೈಲಿನಲ್ಲಿ ತುಂಬಿದರೆ ಅದರ ಪ್ರತಿಯನ್ನು ತರಿಸಿಕೊಂಡು, ಇಂಗ್ಲಿಷ್ ಬಲ್ಲವರಿಂದ ಓದಿಸಿ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಷರತ್ತು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು.

ಹಿರಿಯರ ಹೆಸರಿನಲ್ಲಿ ಹಳೆಯ ಪಾಲಿಸಿಯೊಂದು ಈಗಾಗಲೇ ಇದ್ದರೆ, ಅದರ ಮೊತ್ತ ಎಷ್ಟೇ ಸಣ್ಣದಾಗಿರಲಿ, ಬಿಡಬೇಡಿ. ಕಾಯುವ ಅವಧಿ ಮುಗಿದ ಎರಡು ಲಕ್ಷದ ಪಾಲಿಸಿ, ಇಂದು ಆರಂಭವಾಗುವ ಹತ್ತು ಲಕ್ಷದ ಪಾಲಿಸಿಗಿಂತ ಈ ವರ್ಷ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಿಂದಿನ ವರ್ಷ ಕ್ಲೇಮು ಮಾಡಿದ್ದಾರೆ ಎಂಬ ಕಾರಣಕ್ಕೆ ಕಂಪನಿ ನವೀಕರಣ ನಿರಾಕರಿಸುವಂತಿಲ್ಲ. ವಾರ್ಷಿಕ ಕಂತಿಗೆ 30 ದಿನಗಳ ಹೆಚ್ಚುವರಿ ಗಡುವು ಇದ್ದರೂ, ಬಾಕಿ ಇರುವ ಆ ದಿನಗಳ ಚಿಕಿತ್ಸೆಗೆ ಹಣ ಬರುತ್ತದೆಂದು ನೆಚ್ಚಬೇಡಿ. ಬೇರೆ ಕಂಪನಿಗೆ ಬದಲಾಗುವುದಾದರೆ ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಪೋರ್ಟಿಂಗ್ ಅರ್ಜಿ ಕೊಡಬೇಕು. ಹಾಗೆ ಮಾಡಿದರೆ ನೀವು ಕಳೆದ ಕಾಯುವ ಅವಧಿ ಹಳೆಯ ವಿಮಾ ಮೊತ್ತದ ಮಟ್ಟಿಗೆ ಹೊಸ ಪಾಲಿಸಿಯಲ್ಲೂ ಎಣಿಕೆಯಾಗುತ್ತದೆ. ಹೊಸ ಕಂಪನಿ ಒಪ್ಪಿಗೆ ಪತ್ರ ಕೊಡುವವರೆಗೆ ಹಳೆಯದನ್ನು ರದ್ದು ಮಾಡಬಾರದು.

ಚಿಕಿತ್ಸೆಯ ಹೊತ್ತಿನಲ್ಲಿ

ಯಾವುದೇ ಒಂದು ಯೋಜನೆಯಿಂದ ಇಡೀ ಖರ್ಚು ನೀಗುವುದು ಅಪರೂಪ. ಕೂಡಿಸಿ ಬಳಸುವುದನ್ನು ರೂಢಿಸಿಕೊಳ್ಳಬೇಕು. ಡಯಾಲಿಸಿಸ್‌ಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಘಟಕವನ್ನು ಬಳಸಿ, ವಿಮೆಯ ಮೊತ್ತವನ್ನು ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸುವ) ಶಸ್ತ್ರಚಿಕಿತ್ಸೆಗೋ ಸೋಂಕಿನಿಂದ ಆಗುವ ದಾಖಲಾತಿಗೋ ಉಳಿಸಿಕೊಳ್ಳುವುದು ಇಂಥದೊಂದು ಕ್ರಮ. ತಿಂಗಳ ಔಷಧಿ, ಹೋಗಿಬರುವ ಬಸ್ಸು ರೈಲಿನ ಖರ್ಚು, ಜೊತೆಗಿರುವವರ ಊಟ ವಸತಿ ಇವು ಹೆಚ್ಚಿನ ಕಾರ್ಡುಗಳಲ್ಲಿ ಬಾರವು. ಇವಕ್ಕೆ ಕೈಯಲ್ಲಿ ನಗದು ಇರಲೇಬೇಕು. ಇರುವ ಉಳಿತಾಯವನ್ನೆಲ್ಲ ಕಂತಿಗೆ ಸುರಿಯುವುದನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಖಾಸಗಿ ವಿಮೆಯಲ್ಲಿ ನಗದುರಹಿತ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ, ಬಿಡುಗಡೆಯ ಅಂತಿಮ ಬಿಲ್ಲಿಗೆ 3 ಗಂಟೆಯೊಳಗೆ ಉತ್ತರ ಕೊಡಬೇಕೆಂದು ನಿಯಮವಿದೆ; 3 ಗಂಟೆ ಮೀರಿದ್ದರಿಂದ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಆಸ್ಪತ್ರೆಯ ವಿಮಾ ಮೇಜಿನವರು ಕಾಗದಗಳನ್ನು ಕಳಿಸಿದ ಸಮಯವನ್ನು ಬರೆದಿಟ್ಟುಕೊಂಡಿದ್ದರೆ ಈ ನಿಯಮದ ಮಾತೆತ್ತಬಹುದು. ಕ್ಲೇಮು ತಿರಸ್ಕೃತವಾದರೆ ಪಾಲಿಸಿಯ ಯಾವ ಷರತ್ತಿನ ಮೇಲೆ ಎಂದು ಲಿಖಿತವಾಗಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಪ್ರಾಧಿಕಾರದ 155255 ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ಕಂಪನಿ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ವಿಚಾರಣೆ ಮಾಡುತ್ತಾರೆ. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ನಿಮ್ಮ ಜಿಲ್ಲಾ ಗ್ರಾಹಕರ ಆಯೋಗದ ದಾರಿ ಆಗಲೂ ತೆರೆದಿರುತ್ತದೆ.